ಅಮ್ಮನ ಟಿಕೆಟ್ಟಿಗೆ ನನ್ನ ಮೈಲ್ಸ್: ಹಾಸನಾಂಬೆ ಜಾತ್ರೆಯಿಂದ ಯುಗಾದಿವರೆಗಿನ ಓಡಾಟ

ಅಮ್ಮ ಮಾರ್ಚ್ 22ರಂದು ಸ್ಟುಟ್‌ಗಾರ್ಟ್ ತಲುಪಿದರು. ತಂಗಿಗೆ ಏಪ್ರಿಲ್ ಮಧ್ಯದಲ್ಲಿ ಹೆರಿಗೆ. ಬಾಣಂತನಕ್ಕೆ ಅಮ್ಮ ಇರಲೇಬೇಕು ಎಂದು ಅವಳ ಆಸೆ. ಅಮ್ಮನದೂ ಅದೇ. ಆದರೆ ಅಮ್ಮನಿಗೆ 68 ವರ್ಷ, ಎರಡೂ ಮಂಡಿ ನೋವು. ಕಾಲು ಮಡಚಿಕೊಂಡು ರಾತ್ರಿಯಿಡೀ ಕೂತರೆ ಮರುದಿನ ಪಾದ ಊದಿಕೊಳ್ಳುತ್ತದೆ. ನನ್ನ ಖಾತೆಯಲ್ಲಿ ಮೈಲ್ಸ್ ಇತ್ತು, ಅಂದರೆ ಹಾರಿದ್ದಕ್ಕೆ ವಿಮಾನ ಕಂಪನಿ ಕೊಡುವ, ಮುಂದೆ ಟಿಕೆಟ್ಟಿಗೆ ಬಳಸಬಹುದಾದ ಪಾಯಿಂಟು. ಅದರಲ್ಲಿ ಅಮ್ಮನನ್ನು ಬಿಸಿನೆಸ್ ಕ್ಲಾಸಿನಲ್ಲಿ ಮಲಗಿಕೊಂಡು ಹೋಗುವ ಹಾಗೆ ಮಾಡಬೇಕು ಅಂದುಕೊಂಡೆ. ಒಂದು ವಾರದ ಕೆಲಸ ಎಂದು ಶುರು ಮಾಡಿದ್ದು ಐದು ತಿಂಗಳು ಹಿಡಿಯಿತು. ನಮ್ಮ ಕಡೆಯವರಿಗೆ, ಅದರಲ್ಲೂ ಹೆಸರಿನ ಮುಂದೆ ಇನಿಷಿಯಲ್ ಇರುವವರಿಗೆ, ಇದೇ ತೊಂದರೆ ಬರುವುದು ಖಂಡಿತ. ಅದಕ್ಕೆ ಎಲ್ಲವನ್ನೂ ನಡೆದ ಹಾಗೇ ಬರೆಯುತ್ತಿದ್ದೇನೆ.

ನಾನು ಹಾಸನದಲ್ಲಿ ಕಾಫಿ ರಫ್ತಿನ ಕೆಲಸದಲ್ಲಿದ್ದೇನೆ. ನಮ್ಮ ಕಾಫಿ ಜಾಸ್ತಿ ಹೋಗುವುದು ಇಟಲಿಗೆ, ಜರ್ಮನಿಗೆ. ಹಾಗಾಗಿ ವರ್ಷಕ್ಕೆ ಮೂರು ನಾಲ್ಕು ಸಲ ಸ್ಯಾಂಪಲ್ ಚೀಲ ಹಿಡಿದು ಹೋಗಿ ಬರುತ್ತೇನೆ. ಟಿಕೆಟ್ ಆಫೀಸಿನದು, ಮೈಲ್ಸ್ ಮಾತ್ರ ಹಾರಿದವರ ಹೆಸರಿಗೆ. ಮೂರು ವರ್ಷದ ಹಿಂದೆ ಒಂದು ವಿದೇಶಿ ವಿಮಾನ ಕಂಪನಿಯ ಮೈಲ್ಸ್ ಯೋಜನೆಯ ಸದಸ್ಯತ್ವ ತೆಗೆದುಕೊಂಡೆ. ಫೋನಿನಲ್ಲೇ, ಬಸ್ಸಿನಲ್ಲಿ ಕೂತು, ಐದು ನಿಮಿಷದಲ್ಲಿ ಫಾರಂ ತುಂಬಿದೆ. ಆ ಐದು ನಿಮಿಷ ಮುಂದೆ ನನ್ನ ಎಷ್ಟೋ ದಿನಗಳನ್ನು ತಿಂದಿತು.

ಅಕ್ಟೋಬರ್‌ನಲ್ಲಿ ಹಾಸನಾಂಬೆ ಬಾಗಿಲು ತೆಗೆದಿದ್ದ ದಿನಗಳು. ಊರ ತುಂಬ ಜನ. ದರ್ಶನದ ಸಾಲಿನಲ್ಲಿ ನಿಂತಿದ್ದಾಗಲೇ ತಂಗಿ ಫೋನ್ ಮಾಡಿ ವಿಷಯ ಹೇಳಿದಳು. ಅಮ್ಮನ ಕಣ್ಣಲ್ಲಿ ನೀರು ಬಂತು. ಅವತ್ತು ರಾತ್ರಿಯೇ ಖಾತೆ ತೆರೆದು ನೋಡಿದೆ. 61,300 ಮೈಲ್ಸ್ ಇತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು: ಇದರಲ್ಲಿ 41,000 ಮೈಲ್ಸ್ ಮಾರ್ಚ್ 31ಕ್ಕೆ ಮುಗಿಯುತ್ತದೆ. ಮೈಲ್ಸ್‌ಗೆ ಆಯುಷ್ಯ ಇರುತ್ತದೆ ಎಂದು ಗೊತ್ತಿತ್ತು, ಆದರೆ ನನ್ನದು ಇಷ್ಟು ಹತ್ತಿರ ಬಂದಿದೆ ಎಂದು ಗೊತ್ತಿರಲಿಲ್ಲ.

ಈ ನಿಯಮ ಕಂಪನಿಯಿಂದ ಕಂಪನಿಗೆ ಬೇರೆ. ಸಿಂಗಪುರ ಏರ್‌ಲೈನ್ಸಿನ ಕ್ರಿಸ್‌ಫ್ಲೈಯರ್ ಮೈಲ್ಸ್ ಮೂರು ವರ್ಷಕ್ಕೆ ಮುಗಿಯುತ್ತದೆ. ಅಮೆರಿಕದ ಯುನೈಟೆಡ್ 2019ರಿಂದ ಈಚೆಗೆ ಅವಧಿಯನ್ನೇ ತೆಗೆದುಹಾಕಿದೆ. ವಿಸ್ತಾರ ವಿಮಾನ ಕಂಪನಿಯ ಹಳೆ ಪಾಯಿಂಟ್ ಇದ್ದವರು ಒಮ್ಮೆ ನೋಡಿಕೊಳ್ಳಿ. 2024ರ ನವೆಂಬರ್ 12ಕ್ಕೆ ವಿಸ್ತಾರ ಏರ್ ಇಂಡಿಯಾದಲ್ಲಿ ಸೇರಿತು, ಆ ಪಾಯಿಂಟುಗಳು ಈಗ ಏರ್ ಇಂಡಿಯಾದ ಯೋಜನೆಯಾದ ಮಹಾರಾಜ ಕ್ಲಬ್‌ನ ಲೆಕ್ಕದಲ್ಲಿವೆ. ಇನ್ನೊಂದು ಮಾತು ನೆನಪಿಡಿ. ಮೈಲ್ಸ್ ಮುಗಿಯುವ ದಿನದೊಳಗೆ ಟಿಕೆಟ್ ಮಾಡಿಸಿದರೆ ಸಾಮಾನ್ಯವಾಗಿ ಸಾಕು, ಪ್ರಯಾಣ ಆಮೇಲೆ ಇದ್ದರೂ ನಡೆಯುತ್ತದೆ. ಆದರೆ ಆ ದಿನ ಕಳೆದ ಮೇಲೆ ಟಿಕೆಟ್ ರದ್ದು ಮಾಡಿದರೆ ಮೈಲ್ಸ್ ವಾಪಸ್ ಬರದೇ ಇರಬಹುದು.

ಒಂದು ದಿಕ್ಕಿನ ಬಿಸಿನೆಸ್ ಕ್ಲಾಸಿಗೆ 74,000 ಮೈಲ್ಸ್ ಬೇಕು ಎಂದು ತೋರಿಸುತ್ತಿತ್ತು. ನನ್ನ ಬಳಿ 12,700 ಕಡಿಮೆ. ಆಗ ಹಳೆ ಪ್ರಯಾಣಗಳನ್ನು ಒಂದೊಂದಾಗಿ ತಾಳೆ ಹಾಕಿದೆ. ಮೂರು ಪ್ರಯಾಣಗಳ ಮೈಲ್ಸ್ ಖಾತೆಗೆ ಬಂದೇ ಇರಲಿಲ್ಲ: ಫೆಬ್ರುವರಿಯದು, ಜೂನ್‌ನದು, ಸೆಪ್ಟೆಂಬರ್‌ನದು. ಕಾರಣ ಹುಡುಕಿದರೆ ಅದು ನನ್ನ ಹೆಸರೇ.

ನಮ್ಮ ಹೆಸರುಗಳು ಹೇಗಿರುತ್ತವೆ ನೋಡಿ. ಮೊದಲ ಅಕ್ಷರ ಊರಿನದು, ಎರಡನೆಯದು ಅಪ್ಪನದು, ಆಮೇಲೆ ನಮ್ಮದು. ನಮ್ಮ ಜಿಲ್ಲೆಯವರೇ ಆದ ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರ ಹೆಸರಿನಲ್ಲಿ ಎಚ್ ಎಂದರೆ ಹರದನಹಳ್ಳಿ, ಡಿ ಎಂದರೆ ತಂದೆ ದೊಡ್ಡೇಗೌಡರು. ನಮಗೆ ಇದು ಸಹಜ. ವಿಮಾನ ಕಂಪನಿಯ ಕಂಪ್ಯೂಟರಿಗೆ ಮಾತ್ರ ಇದು ಅರ್ಥವಾಗುವುದಿಲ್ಲ. ಅದಕ್ಕೆ ಬೇಕಾಗಿರುವುದು ಎರಡೇ ಖಾನೆ, ಗಿವನ್ ನೇಮ್ ಮತ್ತು ಸರ್‌ನೇಮ್. ನನ್ನ ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಊರು, ಅಪ್ಪನ ಹೆಸರು ಎರಡನ್ನೂ ಸರ್‌ನೇಮ್ ಖಾನೆಯಲ್ಲಿ ಪೂರ್ತಿ ಬರೆದಿದ್ದಾರೆ. ಸದಸ್ಯತ್ವದ ಫಾರಂನಲ್ಲಿ ನಾನು ಆ ಖಾನೆಗೆ ಬರೀ ಎರಡು ಅಕ್ಷರ ಹಾಕಿದ್ದೆ. ಟಿಕೆಟ್ ಪಾಸ್‌ಪೋರ್ಟಿನ ಹಾಗೆ ಇರಬೇಕು. ಹಾಗಾಗಿ ಟಿಕೆಟ್ಟಿನ ಹೆಸರೂ ಖಾತೆಯ ಹೆಸರೂ ಹೊಂದಲಿಲ್ಲ. ಮೊದಲ ಕೆಲವು ಸಲ ಹೇಗೋ ದಾಟಿಕೊಂಡು ಹೋಗಿತ್ತು. ಆಮೇಲೆ ನಂಬರ್ ತಿರಸ್ಕಾರವಾಗುತ್ತಿದೆ ಎಂದು ಟ್ರಾವೆಲ್ಸ್‌ನವರು ಸದಸ್ಯತ್ವದ ನಂಬರ್ ಹಾಕದೇ ಟಿಕೆಟ್ ಮಾಡತೊಡಗಿದ್ದರು. ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ನವೆಂಬರ್ ಪೂರ್ತಿ ಹೆಸರು ತಿದ್ದಿಸುವುದರಲ್ಲೇ ಹೋಯಿತು. ಮೊದಲ ಸಲ ಫೋನ್ ಮಾಡಿದಾಗ 40 ನಿಮಿಷ ಸಂಗೀತ ಕೇಳಿಸಿದರು. ಆಮೇಲೆ ಬಂದವರು ಸಮಾಧಾನವಾಗಿಯೇ ಮಾತಾಡಿದರು, ಪಾಸ್‌ಪೋರ್ಟ್ ಪ್ರತಿ ಮತ್ತು ಎರಡೂ ಹೆಸರು ಒಬ್ಬರದೇ ಎಂಬ ಪ್ರಮಾಣಪತ್ರ ಕಳಿಸಿ ಎಂದರು. ಕೋರ್ಟಿನ ಹತ್ತಿರ ಹೋಗಿ ಅಫಿಡವಿಟ್ ಮಾಡಿಸಿದೆ. ಸ್ಟಾಂಪ್ ಪೇಪರ್, ಟೈಪಿಂಗ್, ನೋಟರಿ ಎಲ್ಲ ಸೇರಿ 550 ರೂಪಾಯಿ. ಸ್ಕ್ಯಾನ್ ಮಾಡಿ ಕಳಿಸಿದೆ. ಎಂಟು ದಿನ ಉತ್ತರ ಇಲ್ಲ. ಒಂಬತ್ತನೇ ದಿನ ಬಂದ ಉತ್ತರ: ಇನ್ನೊಂದು ಸರ್ಕಾರಿ ಗುರುತಿನ ಚೀಟಿ ಕೊಡಿ. ಆಧಾರ್ ಕೊಟ್ಟೆ. ಆಧಾರ್‌ನಲ್ಲಿ ಹೆಸರಿನ ಹಿಂದೆ ಇನಿಷಿಯಲ್ ಇದೆ, ಅದು ಮೂರನೇ ರೂಪ. ಅರ್ಜಿಯನ್ನೇ ಮುಚ್ಚಿಬಿಟ್ಟರು. ಅವತ್ತು ನಿಜವಾಗಿಯೂ ಬೇಜಾರಾಯಿತು. ಒಬ್ಬನೇ ಮನುಷ್ಯನಿಗೆ ಮೂರು ಕಾಗದದಲ್ಲಿ ಮೂರು ಹೆಸರು. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಹೀಗೇ ಇರುತ್ತದೆ, ಅಲ್ವಾ?

ಹೊಸದಾಗಿ ಅರ್ಜಿ ಹಾಕಿದೆ. ಈ ಸಲ ಆಧಾರ್ ಸೇರಿಸಲಿಲ್ಲ. ಪಾಸ್‌ಪೋರ್ಟಿನ ಮೊದಲ ಪುಟ, ಕೊನೆ ಪುಟ, ಜೊತೆಗೆ ಅದೇ ಕಂಪನಿಯ ಹಳೆ ಬೋರ್ಡಿಂಗ್ ಪಾಸ್‌ಗಳು. ಪಾಸ್‌ಪೋರ್ಟಿನ ಹಾಗೆ ಹೆಸರಿದ್ದು, ನನ್ನ ಸದಸ್ಯತ್ವದ ನಂಬರ್ ಕೂಡ ಅಚ್ಚಾಗಿದ್ದ ಎರಡು ಪಾಸ್ ಸಿಕ್ಕವು. ಅದು ಕೆಲಸ ಮಾಡಿತು. ಮೊದಲ ಫೋನಿನಿಂದ ಲೆಕ್ಕ ಹಾಕಿದರೆ 27ನೇ ದಿನ ಖಾತೆಯಲ್ಲಿ ನನ್ನ ಹೆಸರು ಪಾಸ್‌ಪೋರ್ಟಿನ ಹಾಗೆ ಬಂತು. ನೀವು ಹೊಸದಾಗಿ ಸದಸ್ಯರಾಗುತ್ತಿದ್ದರೆ ಪಾಸ್‌ಪೋರ್ಟ್ ಎದುರಿಗೆ ಇಟ್ಟುಕೊಂಡು ಅಕ್ಷರ ಅಕ್ಷರ ನೋಡಿ ತುಂಬಿ. ಈಗಾಗಲೇ ಸದಸ್ಯರಾಗಿದ್ದರೆ ಇವತ್ತೇ ಒಮ್ಮೆ ತೆರೆದು ನೋಡಿ.

ಹೆಸರು ಸರಿಯಾದ ಮೇಲೆ ತಪ್ಪಿಹೋದ ಮೈಲ್ಸ್ ಕೇಳುವ ಕೆಲಸ. ಈ ಕಂಪನಿಯಲ್ಲಿ ಪ್ರಯಾಣ ಮಾಡಿದ ಆರು ತಿಂಗಳೊಳಗೆ ಕೇಳಬೇಕು. ಫೆಬ್ರುವರಿಯದು ಆಗಸ್ಟ್‌ನಲ್ಲೇ ಸತ್ತು ಹೋಗಿತ್ತು. ಜೂನ್‌ನದಕ್ಕೆ ಇನ್ನು ಒಂಬತ್ತೇ ದಿನ ಉಳಿದಿತ್ತು. ಬೇಕಾಗುವುದು ಎರಡು: 13 ಅಂಕಿಯ ಟಿಕೆಟ್ ನಂಬರ್ ಮತ್ತು ಬೋರ್ಡಿಂಗ್ ಪಾಸ್. ಟಿಕೆಟ್ ನಂಬರಿನ ಮೊದಲ ಮೂರು ಅಂಕಿ ಟಿಕೆಟ್ ಕೊಟ್ಟ ಕಂಪನಿಯ ಗುರುತು. ಏರ್ ಇಂಡಿಯಾದ್ದಾದರೆ 098, ಲುಫ್ತಾನ್ಸಾದ್ದಾದರೆ 220. ಆರು ಅಕ್ಷರದ ಪಿಎನ್ಆರ್ ಬೇರೆ, ಇದು ಬೇರೆ. ನಾನು ಮೊದಲು ಪಿಎನ್ಆರ್ ಹಾಕಿ ಒಂದು ಸಲ ತಿರಸ್ಕಾರ ಮಾಡಿಸಿಕೊಂಡೆ.

ಬೋರ್ಡಿಂಗ್ ಪಾಸ್ ಕಥೆ ಇನ್ನೊಂದು. ಆ ಕಾಗದದ ಮೇಲಿನ ಅಚ್ಚು ಶಾಖದಿಂದ ಮೂಡುವಂಥದ್ದು, ಇಟ್ಟಲ್ಲೇ ಮಾಸುತ್ತದೆ. ಮಳೆಗಾಲ ಪೂರ್ತಿ ಬ್ಯಾಗಿನ ಜೇಬಿನಲ್ಲಿದ್ದ ಜೂನ್‌ನ ಪಾಸ್ ಬೆಳ್ಳಗಾಗಿತ್ತು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಸೀಟ್ ನಂಬರ್ ಮಾತ್ರ ಕಾಣುತ್ತಿತ್ತು. ಕೊನೆಗೆ ಕಂಪನಿಯಿಂದಲೇ ಪ್ರಯಾಣ ಮಾಡಿದ್ದಕ್ಕೆ ದೃಢೀಕರಣ ಪತ್ರ ತರಿಸಿಕೊಂಡು ಹಾಕಿದೆ. ಇಳಿದ ತಕ್ಷಣ ಪಾಸಿನ ಫೋಟೋ ತೆಗೆದು ಇಟ್ಟುಕೊಳ್ಳಿ. ಮೈಲ್ಸ್ ಖಾತೆಗೆ ಬರುವವರೆಗೆ ಕಾಗದವನ್ನೂ ಎಸೆಯಬೇಡಿ.

ಇಷ್ಟೆಲ್ಲ ಮಾಡಿದ ಜೂನ್ ಪ್ರಯಾಣಕ್ಕೆ ಸಿಕ್ಕಿದ್ದು ಸೊನ್ನೆ. ಟಿಕೆಟ್ ತೀರಾ ಅಗ್ಗದ ಬುಕಿಂಗ್ ಕ್ಲಾಸಿನದು, ಅದಕ್ಕೆ ಮೈಲ್ಸ್ ಇಲ್ಲ ಎಂದು ಉತ್ತರ ಬಂತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ತನ್ನ ಅಡ್ವಾಂಟೇಜ್ ಯೋಜನೆ ಶುರು ಮಾಡಿದಾಗ ಲೆಕ್ಕ ಸರಳವಾಗಿತ್ತು, ಎಷ್ಟು ಮೈಲಿ ಹಾರಿದರೋ ಅಷ್ಟು ಮೈಲ್ಸ್. ಈಗ ಹಾಗಿಲ್ಲ. ಕೆಲವು ಕಂಪನಿಗಳು ಕೊಟ್ಟ ದುಡ್ಡಿನ ಮೇಲೆ ಪಾಯಿಂಟ್ ಕೊಡುತ್ತವೆ. ಏರ್ ಇಂಡಿಯಾ ಕೂಡ 2024ರಲ್ಲಿ ಈ ಲೆಕ್ಕಕ್ಕೆ ಬದಲಾಯಿತು. ದೂರದ ಲೆಕ್ಕ ಇರುವ ಕಡೆ ಟಿಕೆಟ್ಟಿನ ಮೇಲಿನ ಒಂದು ಅಕ್ಷರ ನೋಡಬೇಕು, ಅದೇ ಬುಕಿಂಗ್ ಕ್ಲಾಸ್. ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ನೇರ ದೂರ ಸುಮಾರು 4,600 ಮೈಲಿ. ಪೂರ್ತಿ ದರದ ಎಕಾನಮಿಗೆ ಅಷ್ಟೂ ಸಿಗಬಹುದು, ಕಾಲು ಭಾಗ ಮಾತ್ರ ಕೊಡುವ ಅಕ್ಷರಕ್ಕೆ 1,150 ಸಿಗುತ್ತದೆ, ಇನ್ನು ಕೆಲವು ಅಕ್ಷರಗಳಿಗೆ ಏನೂ ಇಲ್ಲ. ಪಕ್ಕದ ಸೀಟಿನವರಿಗೂ ನಿಮಗೂ ಇಷ್ಟು ವ್ಯತ್ಯಾಸ ಇರಬಹುದು. ವಿಮಾನ ಕಂಪನಿಗಳು ತಮ್ಮತಮ್ಮಲ್ಲೇ ಮೈತ್ರಿಕೂಟ ಮಾಡಿಕೊಂಡಿರುತ್ತವೆ, ಒಂದೇ ಕೂಟದ ಬೇರೆ ಕಂಪನಿಯ ಖಾತೆಗೆ ಅದೇ ಪ್ರಯಾಣವನ್ನು ಹಾಕಿಸಿದರೆ ಕೆಲವೊಮ್ಮೆ ಜಾಸ್ತಿ ಸಿಗುತ್ತದೆ. ಒಂದು ಪ್ರಯಾಣಕ್ಕೆ ಒಂದೇ ಖಾತೆ. ಆದ್ದರಿಂದ ಹತ್ತುವ ಮೊದಲೇ ಯೋಚಿಸಬೇಕು.

ಸೆಪ್ಟೆಂಬರ್ ಪ್ರಯಾಣಕ್ಕೆ 6,850 ಬಂತು. ಒಟ್ಟು 68,150. ಇನ್ನೂ 5,850 ಬೇಕು.

ಅಷ್ಟರಲ್ಲಿ ಕಾಫಿ ಕುಯ್ಲು ಜೋರಾಗಿತ್ತು. ಹಗಲು ಹೊತ್ತು ಸಕಲೇಶಪುರದ ಕಡೆ ತೋಟಗಳಿಗೆ ಓಡಾಟ. ಬೆಳಿಗ್ಗೆ ಐದಕ್ಕೆ ಎದ್ದು ಸೀಟು ಹುಡುಕುವುದು ರೂಢಿಯಾಯಿತು. ಮೈಲ್ಸ್ ಇದ್ದ ಮಾತ್ರಕ್ಕೆ ಸೀಟು ಸಿಗುವುದಿಲ್ಲ. ಪ್ರತಿ ವಿಮಾನದಲ್ಲೂ ಮೈಲ್ಸ್‌ಗೆ ಅಂತ ಕೆಲವೇ ಸೀಟು ಬಿಡುತ್ತಾರೆ, ಕೆಲವು ದಿನ ಒಂದೂ ಇರುವುದಿಲ್ಲ. ಸುಮಾರು ಹನ್ನೊಂದೂವರೆ ತಿಂಗಳ ಮೊದಲೇ ಸೀಟು ತೆರೆಯುತ್ತದೆ, ದಿನ ಗೊತ್ತಿದ್ದವರು ಆಗಲೇ ಮಾಡಿಸುತ್ತಾರೆ. ನನ್ನ ಹಾಗೆ ಮೂರು ತಿಂಗಳಿರುವಾಗ ಹುಡುಕುವವರಿಗೆ ಉಳಿದಿದ್ದೇ ಗತಿ.

ಜನವರಿ 10ರಂದು ಮಾರ್ಚ್ 26ರ ವಿಮಾನದಲ್ಲಿ ಒಂದು ಸೀಟು ಕಂಡಿತು. ತಕ್ಷಣ ಕ್ರೆಡಿಟ್ ಕಾರ್ಡಿನ ಪಾಯಿಂಟುಗಳನ್ನು ಮೈಲ್ಸ್‌ಗೆ ವರ್ಗಾಯಿಸಿದೆ. 6,000 ಮೈಲ್ಸ್ ಆಗುವಷ್ಟು. ವರ್ಗಾವಣೆಗೆ ಕೆಲಸದ ದಿನಗಳು ಎಂದು ಬರೆದಿತ್ತು. ಮಧ್ಯೆ ಶನಿವಾರ, ಭಾನುವಾರ, ಸಂಕ್ರಾಂತಿ. ಎಳ್ಳು ಬೀರುತ್ತಾ ಕೂತಿದ್ದರೂ ನನ್ನ ಗಮನ ಫೋನಿನ ಮೇಲೆ. 17ಕ್ಕೆ ಮೈಲ್ಸ್ ಬಂತು, ಸೀಟು ಹೋಗಿತ್ತು. ಸಂಕಟವಾಯಿತು. ಅಮ್ಮ ಮಾತ್ರ, "ಸುಮ್ನೆ ಮಾಮೂಲಿ ಟಿಕೆಟ್ ತಗೋ, ನಾನು ಹೇಗೋ ಕೂತ್ಕೊಂಡು ಹೋಗ್ತೀನಿ" ಎಂದರು. ಆ ಮಾತು ಕೇಳಿದ ಮೇಲೆ ಬಿಡಬಾರದು ಅನ್ನಿಸಿತು.

ಬ್ಯಾಂಕಿನ ಪಾಯಿಂಟ್ ಒಮ್ಮೆ ಮೈಲ್ಸ್ ಆದರೆ ಮತ್ತೆ ಪಾಯಿಂಟ್ ಆಗುವುದಿಲ್ಲ. ಅದಕ್ಕೇ ಸೀಟು ಕಾಣುವ ಮೊದಲು ವರ್ಗಾಯಿಸಬೇಡಿ ಎಂದು ಎಲ್ಲರೂ ಹೇಳುತ್ತಾರೆ. ಮಾತು ಸರಿಯೇ. ಆದರೆ ಕೊರತೆ ಸಣ್ಣದಿದ್ದು, ದಿನ ಹತ್ತಿರವಿದ್ದು, ನಿಮ್ಮ ಬ್ಯಾಂಕಿನ ವರ್ಗಾವಣೆ ನಿಧಾನವಾದರೆ ಮೊದಲೇ ವರ್ಗಾಯಿಸುವುದು ಒಳ್ಳೆಯದು ಎಂದು ನನಗೆ ಈಗ ಅನ್ನಿಸುತ್ತದೆ. ಸೀಟನ್ನು ಎರಡು ಮೂರು ದಿನ ಹಿಡಿದಿಡುವ ಸೌಲಭ್ಯ ಇದೆಯೇ ಎಂದೂ ಫೋನ್ ಮಾಡಿ ಕೇಳಿ. ನಾನು ಕೇಳಲಿಲ್ಲ.

ಈ ಕಾಯುವ ದಿನಗಳಲ್ಲೇ ಅಮ್ಮನ ಹೆಸರನ್ನು ನನ್ನ ಖಾತೆಗೆ ಸೇರಿಸಿದೆ. ನಮ್ಮ ಮೈಲ್ಸ್‌ನಲ್ಲಿ ಬೇರೆಯವರಿಗೆ ಟಿಕೆಟ್ ಮಾಡಲು ಹಲವು ಕಂಪನಿಗಳು ಮೊದಲು ನಾಮಿನಿ ಮಾಡಿಸಿ ಎನ್ನುತ್ತವೆ. ಸಂಬಂಧದ ದಾಖಲೆಗೆ ನನ್ನ ಪಾಸ್‌ಪೋರ್ಟಿನ ಕೊನೆ ಪುಟ ಸಾಕಾಯಿತು, ಅಲ್ಲಿ ತಾಯಿಯ ಹೆಸರು ಇರುತ್ತದಲ್ಲ. ತೊಡಕು ಬಂದಿದ್ದು ಅಮ್ಮನ ಹೆಸರಿನಲ್ಲೇ. ಅವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾನೆ ಖಾಲಿ. ನಮ್ಮ ಹಳೆ ತಲೆಮಾರಿನ ಹೆಂಗಸರಲ್ಲಿ ಇದು ಬಹಳ. ಖಾನೆ ಖಾಲಿ ಬಿಟ್ಟರೆ ಬುಕಿಂಗ್ ಮುಂದೆ ಹೋಗುವುದಿಲ್ಲ. ಕೇಳಿದಾಗ ಎರಡೂ ಖಾನೆಗೆ ಅದೇ ಹೆಸರು ಹಾಕಿ ಎಂದರು. ಬೇರೆ ಕಂಪನಿಗಳಲ್ಲಿ ಬೇರೆ ರೀತಿ ಇರುತ್ತದೆ, ನೀವೇ ಊಹಿಸಿ ತುಂಬಬೇಡಿ. ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಂಡು ಅಚ್ಚು ಹಾಕಿ ಅಮ್ಮನ ಫೈಲಿನಲ್ಲಿಟ್ಟೆ. ಇನ್ನೊಂದು ಎಚ್ಚರಿಕೆ: ಯುಎಇಗೆ ವಿಸಿಟ್ ವೀಸಾದಲ್ಲಿ ಹೋಗುವವರ ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರು ಇದ್ದರೆ ಬಿಡುವುದಿಲ್ಲ ಎಂಬ ನಿಯಮ 2022ರ ನವೆಂಬರ್‌ನಲ್ಲಿ ಬಂದಿದೆ. ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರು ಇದ್ದರೆ ಬಿಡುತ್ತಾರೆ ಎಂದು ಆಮೇಲೆ ಸ್ಪಷ್ಟಪಡಿಸಿದರು, ಹೊರಡುವ ಮೊದಲು ವಿಚಾರಿಸಿಕೊಳ್ಳಿ.

ಫೆಬ್ರುವರಿ 5, ಬೆಳಿಗ್ಗೆ 5.20. ಮಾರ್ಚ್ 22ರ ನಸುಕಿನ ವಿಮಾನದಲ್ಲಿ ಒಂದು ಸೀಟು. ಮಧ್ಯೆ ಒಂದು ಕಡೆ ಇಳಿದು ಬದಲಿಸಬೇಕು. ಕೈ ನಡುಗುತ್ತಿತ್ತು. 74,000 ಮೈಲ್ಸ್, ಜೊತೆಗೆ ತೆರಿಗೆ ಮತ್ತು ಸರ್‌ಚಾರ್ಜ್ ಎಂದು 21,400 ರೂಪಾಯಿ. ಮೈಲ್ಸ್ ಟಿಕೆಟ್ ಪೂರ್ತಿ ಉಚಿತ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕೆಲವು ಕಂಪನಿಗಳಲ್ಲಿ ಈ ಸರ್‌ಚಾರ್ಜ್ ಇನ್ನೂ ಜಾಸ್ತಿ.

ಲಾಭದ ಲೆಕ್ಕವನ್ನು ಪ್ರಾಮಾಣಿಕವಾಗಿ ಹೇಳುತ್ತೇನೆ. ಅದೇ ಸೀಟಿನ ದರ ಅವತ್ತು 1,68,000. ಕಟ್ಟಿದ 21,400 ಕಳೆದರೆ ಮೈಲ್ಸ್ ಒಂದಕ್ಕೆ ಹತ್ತಿರ ಹತ್ತಿರ ಎರಡು ರೂಪಾಯಿ ಬೆಲೆ ಬಂತು. ಆದರೆ ನಾನು ಯಾವತ್ತೂ 1,68,000 ಕೊಟ್ಟು ತೆಗೆದುಕೊಳ್ಳುತ್ತಿರಲಿಲ್ಲ. ಎಕಾನಮಿ 46,000 ಇತ್ತು, ಅದನ್ನೇ ತೆಗೆದುಕೊಳ್ಳುತ್ತಿದ್ದೆ. ಆ ಲೆಕ್ಕದಲ್ಲಿ ಉಳಿದಿದ್ದು 24,600 ರೂಪಾಯಿ, ಮೈಲ್ಸ್ ಒಂದಕ್ಕೆ 33 ಪೈಸೆ. ಉಳಿತಾಯವೇ ಮುಖ್ಯ ಎನ್ನುವವರಿಗೆ ಬಿಸಿನೆಸ್ ಕ್ಲಾಸ್ ಬೇಡ. ನನಗೆ ಬೇಕಾಗಿದ್ದು ಅಮ್ಮನ ಕಾಲು ಚಾಚುವಷ್ಟು ಜಾಗ.

ಇನ್ನು ಗೋಲ್ಡ್ ಕಾರ್ಡಿನ ವಿಷಯ. ಖಾತೆಯಲ್ಲಿ ಎರಡು ಲೆಕ್ಕ ಇರುತ್ತದೆ. ಒಂದು ಖರ್ಚು ಮಾಡುವ ಮೈಲ್ಸ್. ಇನ್ನೊಂದು ದರ್ಜೆಯ ಲೆಕ್ಕ. ಅದನ್ನು ಖರ್ಚು ಮಾಡಲು ಬರುವುದಿಲ್ಲ, ವರ್ಷ ಮುಗಿದರೆ ಮತ್ತೆ ಸೊನ್ನೆಯಿಂದ ಶುರು. ಅದರ ಮೇಲೆ ಸಿಲ್ವರ್, ಗೋಲ್ಡ್ ಎಂದು ದರ್ಜೆ ಕೊಡುತ್ತಾರೆ. ನಾನು ಎರಡು ವರ್ಷ ಗೋಲ್ಡ್ ಇದ್ದೆ. ಸ್ಟಾರ್ ಅಲಯನ್ಸ್ ಎಂಬ ಮೈತ್ರಿಕೂಟದಲ್ಲಾದರೆ ಗೋಲ್ಡ್ ಇದ್ದವರಿಗೆ ಲೌಂಜ್ (ನಿಲ್ದಾಣದಲ್ಲಿ ಕಾಯುವಾಗ ಊಟ, ವಿಶ್ರಾಂತಿಗೆ ಇರುವ ಕೋಣೆ), ಬೇಗ ಹತ್ತುವುದು, ತೂಕದ ಲೆಕ್ಕ ಇರುವ ಕಡೆ 20 ಕೆಜಿ ಹೆಚ್ಚು ಲಗೇಜು, ಎಲ್ಲ ಸದಸ್ಯ ಕಂಪನಿಗಳಲ್ಲೂ ಸಿಗುತ್ತದೆ. ಏರ್ ಇಂಡಿಯಾ ಆ ಕೂಟಕ್ಕೆ ಸೇರಿದ್ದು 2014ರ ಜುಲೈನಲ್ಲಿ. ಕಾಫಿ ಸ್ಯಾಂಪಲ್ ಹೊರುವ ನನ್ನಂಥವರಿಗೆ ಹೆಚ್ಚಿನ ಲಗೇಜು ನಿಜಕ್ಕೂ ಉಪಕಾರ.

ಅಮ್ಮನಿಗೂ ಅದು ಸಿಗುತ್ತದೆ ಎಂದುಕೊಂಡಿದ್ದೆ. ಸಿಗುವುದಿಲ್ಲ. ಮೈಲ್ಸ್ ಕೊಡಬಹುದು, ದರ್ಜೆ ಕೊಡಲು ಬರುವುದಿಲ್ಲ. ಟಿಕೆಟ್ ನನ್ನ ಖಾತೆಯಿಂದ ಹೋದರೂ ಹಾರುವವರು ಅಮ್ಮ, ಅವರು ಹೊಸಬರು. ನಾನು ಜೊತೆಗೆ ಹೋಗಿದ್ದರೆ ಒಬ್ಬ ಅತಿಥಿಯಾಗಿ ಲೌಂಜಿಗೆ ಕರೆದುಕೊಂಡು ಹೋಗಬಹುದಿತ್ತು, ಅಷ್ಟೇ. ಒಳ್ಳೆಯದೆಂದರೆ ಬಿಸಿನೆಸ್ ಟಿಕೆಟ್ಟಿಗೇ ಲೌಂಜ್ ಮತ್ತು ಎರಡು ದೊಡ್ಡ ಪೆಟ್ಟಿಗೆ ಸೇರಿರುತ್ತದೆ.

ನನ್ನ ಗೋಲ್ಡ್ ಫೆಬ್ರುವರಿ ಕೊನೆಗೆ ಮುಗಿಯುತ್ತಿತ್ತು. ಉಳಿಸಿಕೊಳ್ಳಲು ಒಂದು ಪ್ರಯಾಣ ಕಡಿಮೆ. ಬರೀ ಲೆಕ್ಕ ತುಂಬಿಸಲು ಹಾರಿ ಬರುವವರಿದ್ದಾರೆ. ನಾನೂ ನೋಡಿದೆ, 31,000 ರೂಪಾಯಿ, ಎರಡು ದಿನ. ಅದೇ ದುಡ್ಡು ಅಮ್ಮನ ವೀಸಾ, ವಿಮೆ, ವಾಪಸ್ ಟಿಕೆಟ್ಟಿಗೆ ಬೇಕಿತ್ತು. ಬಿಟ್ಟುಬಿಟ್ಟೆ. ಮಾರ್ಚ್ 1ಕ್ಕೆ ಕಾರ್ಡು ಸಿಲ್ವರ್ ಆಯಿತು. ಸ್ವಲ್ಪ ನೋವಾಯಿತು, ನಿಜ. ವರ್ಷಕ್ಕೆ ಏಳೆಂಟು ಸಲ ಹಾರುವವರಾದರೆ ಆ ಖರ್ಚು ಮಾಡಬಹುದು. ಮೂರು ಸಲ ಹೋಗುವವರಿಗೆ ಬೇಡ.

ವೀಸಾ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಷೆಂಗೆನ್ ವೀಸಾ ಶುಲ್ಕ 2024ರ ಜೂನ್‌ನಿಂದ 90 ಯೂರೋ, ವಿಮೆ ಕನಿಷ್ಠ 30,000 ಯೂರೋದ್ದು ಬೇಕು, ಇರುವುದು 90 ದಿನ. ತಂಗಿ ಅಲ್ಲಿಂದ ಖರ್ಚಿನ ಜವಾಬ್ದಾರಿ ಪತ್ರ ಕಳಿಸಿದ್ದಳು. ವೀಸಾ ಫೆಬ್ರುವರಿ 20ಕ್ಕೆ ಬಂತು. ವೀಸಾ ಬರುವ ಮೊದಲೇ ಟಿಕೆಟ್ ಮಾಡಿಸಿದ್ದರಿಂದ ಎದೆ ಢವಢವ ಅನ್ನುತ್ತಿತ್ತು. ರದ್ದಾದರೆ ಶುಲ್ಕ ಹಿಡಿದು ಮೈಲ್ಸ್ ವಾಪಸ್, ಆದರೆ ಮಾರ್ಚ್ 31ರೊಳಗೆ ಮಾತ್ರ.

ಹೊರಡುವ ವಾರ ಮನೆ ತುಂಬ ಮೆಂತ್ಯದ ಪರಿಮಳ. ಅಮ್ಮ ಬಾಣಂತಿಗೆ ಬೇಕಾದ ಪುಡಿಗಳನ್ನೆಲ್ಲ ಕುಟ್ಟಿ ಇಟ್ಟರು. ಅರಸೀಕೆರೆಯಿಂದ ಒಳ್ಳೆಯ ಕೊಬ್ಬರಿ ತರಿಸಿದ್ದರು. ಆದರೆ ಒಣ ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ಬೆಂಕಿಯ ಭಯ ಎಂದು 2022ರಿಂದ ಚೆಕ್-ಇನ್ ಲಗೇಜಿನಲ್ಲಿ ಬಿಡುವುದಿಲ್ಲ. ತುಪ್ಪವೂ ಆಗುವುದಿಲ್ಲ, ಹೊರಗಿನಿಂದ ಬರುವವರು ಹಾಲಿನ ಪದಾರ್ಥ ತರುವುದನ್ನು ಯುರೋಪಿನ ಒಕ್ಕೂಟ ತಡೆದಿದೆ. ಎರಡನ್ನೂ ಹೊರಗೆ ತೆಗೆಯುವಾಗ ಅಮ್ಮನ ಮುಖ ಸಪ್ಪಗಾಯಿತು. ತುಪ್ಪ ಅಲ್ಲೇ ಕಾಯಿಸಿಕೊಡಬಹುದು ಎಂದು ತಂಗಿ ಫೋನಿನಲ್ಲಿ ಸಮಾಧಾನ ಮಾಡಿದಳು.

21ರ ಸಂಜೆ ಐದಕ್ಕೆ ಹಾಸನ ಬಿಟ್ಟೆವು. ಚನ್ನರಾಯಪಟ್ಟಣ, ಕುಣಿಗಲ್, ನೆಲಮಂಗಲ, ನಡುವೆ ಊಟ. ಹತ್ತೂವರೆಗೆ ಟರ್ಮಿನಲ್ ಎರಡು. ಗಾಲಿಕುರ್ಚಿ 48 ಗಂಟೆ ಮೊದಲೇ ಹೇಳಿಟ್ಟಿದ್ದೆ, ಅದಕ್ಕೆ ದುಡ್ಡು ಕೇಳಲಿಲ್ಲ. ಕೌಂಟರಿನಲ್ಲಿ ಅಮ್ಮನ ಹೆಸರು ಎರಡು ಸಲ ಇರುವುದನ್ನು ನೋಡಿ ಒಂದು ನಿಮಿಷ ಅನುಮಾನ ಪಟ್ಟರು. ಇಮೇಲ್ ತೋರಿಸಿದ ಮೇಲೆ ಬೋರ್ಡಿಂಗ್ ಪಾಸ್ ಬಂತು. ಬಾಗಿಲಿನ ಆಚೆ ಕುರ್ಚಿ ತಿರುಗುವವರೆಗೂ ಅಮ್ಮ ಕೈ ಬೀಸುತ್ತಲೇ ಇದ್ದರು.

ನಾನು ಕುಣಿಗಲ್ ದಾಟುವಾಗ ಲೌಂಜಿನಿಂದ ಫೋನ್ ಬಂತು. ಇಲ್ಲಿ ಮೊಸರನ್ನ ಇದೆ ಎಂದರು. ಮರುದಿನ ಸಂಜೆ ಸ್ಟುಟ್‌ಗಾರ್ಟಿನಿಂದ ವಿಡಿಯೋ ಕಾಲ್. ಹಿಂದೆ ತಂಗಿ ಡಬ್ಬಿಗಳನ್ನು ಬಿಚ್ಚುತ್ತಿದ್ದಳು. ಅಮ್ಮ ಫೋನನ್ನು ಕೆಳಗೆ ತಿರುಗಿಸಿ ತಮ್ಮ ಪಾದ ತೋರಿಸಿದರು. "ನೋಡು, ಊದಿಲ್ಲ" ಎಂದರು.